ಬಿಟ್ಟು ಹೋಗುವವರ ಬಣ್ಣ

ಬೆಂಗಳೂರಿನ ಹೂಡಿಯ ಬಾಡಿಗೆ ಫ್ಲಾಟ್ ಖಾಲಿ ಮಾಡುವ ಮುಂಚೆ ಪೇಂಟ್ ಮಾಡಿಸಿ ಕೊಡಬೇಕು, ಇಲ್ಲದಿದ್ದರೆ ಒಂದು ತಿಂಗಳ ಬಾಡಿಗೆ, ಅಂದರೆ ಮೂವತ್ತು ಸಾವಿರ, ಅಡ್ವಾನ್ಸಿನಲ್ಲಿ ಕಟ್. ಓನರ್ ಅಂಕಲ್ ಇದನ್ನು ನಗುನಗುತ್ತಲೇ ನೆನಪಿಸಿದರು. ವಾಚ್‌ಮನ್‌ಗೆ ಹೇಳಿ ಪೇಂಟರ್ ಮಲ್ಲಪ್ಪನವರನ್ನು ಕರೆಸಿದೆ. ವಿಜಯಪುರದ ಕಡೆಯವರು. ಬಂದವರು ಗೋಡೆ ನೋಡಲಿಲ್ಲ, ನನ್ನನ್ನು ನೋಡಿದರು.

"ಸರ, ಬಣ್ಣ ಹಚ್ಚೂದು ಇರಾಕೇನ್ರಿ, ಬಿಟ್ಟ ಹೋಗಾಕೇನ್ರಿ?"

"ಏನು ವ್ಯತ್ಯಾಸ?"

"ಇರಾಕಾದ್ರ ಗ್ವಾಡಿ ತಿಕ್ಕಿ, ಪುಟ್ಟಿ ಹಚ್ಚಿ, ಎರಡ ಕೋಟ್. ನಲವತ್ತೈದ ಸಾವಿರ. ಬಿಟ್ಟ ಹೋಗಾಕಾದ್ರ ಡಿಸ್ಟೆಂಪರ್ ಒಂದ ಕೋಟ್, ಹನ್ನೆರಡ."

"ಅದು ಬಾಳಿಕೆ ಬರುತ್ತಾ?"

"ನಿಮ್ಮ ಅಡ್ವಾನ್ಸ್ ಕೈಗೆ ಬರೂತನಕ ಬರ್ತೈತ್ರಿ."

ಹನ್ನೆರಡರಲ್ಲೇ ಮುಗಿಸಿದೆ. ಗೋಡೆ ಫಳಫಳ. ಅಂಕಲ್ ಪೂರ್ತಿ ಅಡ್ವಾನ್ಸ್ ಕೊಟ್ಟು, "ನಿಮ್ಮಂಥ ಟೆನೆಂಟ್ ಸಿಗಲ್ಲ ಕಣ್ರೀ" ಅಂದರು. ನಾನು ಗೋಡೆಗೆ ತಾಗದ ಹಾಗೆ ನಿಂತಿದ್ದೆ.

ಕುಂದಲಹಳ್ಳಿಯಲ್ಲಿ ನಾವು ಲೋನ್ ಮಾಡಿ ಕೊಂಡಿದ್ದು ಹಳೇ ಫ್ಲಾಟು. ಮಾರಿದವರು "ಈಗಷ್ಟೇ ಪೇಂಟ್ ಮಾಡ್ಸಿದೀವಿ" ಅಂದಿದ್ದಕ್ಕೇ ನಾನು ಚೌಕಾಸಿ ನಿಲ್ಲಿಸಿದ್ದೆ. ಸಾಮಾನು ಇಳಿಸಿ, ಸುಸ್ತಾಗಿ ಗೋಡೆಗೆ ಒರಗಿ ಕೂತೆ. ಎದ್ದಾಗ ಹೆಂಡತಿ, "ಇದೇನ್ರೀ, ಬೆನ್ನೆಲ್ಲ ಬಿಳಿ?" ಅಂದಳು.

ಮಲ್ಲಪ್ಪನವರಿಗೇ ಫೋನ್ ಮಾಡಿದೆ. ಅಡ್ರೆಸ್ ಕೇಳುವ ಮೊದಲೇ ಅವರು ಅದೇ ಪ್ರಶ್ನೆ ಕೇಳಿದರು.

"ಇರೋಕೆ" ಅಂದೆ.

ಹೂಡಿಯ ಆ ಮನೆಯಲ್ಲಿ ಈಗ ಯಾರು ಯಾರ ಬೆನ್ನು ಒರೆಸುತ್ತಿದ್ದಾರೋ.