ಉಜ್ವಲಾಳ ಗೇರಿನ ಸೈಕಲ್ಲು

ಉಜ್ವಲಾ ಸೈಕಲ್ ಕಲಿತದ್ದು ಹದಿನಾರನೆಯ ವಯಸ್ಸಿನಲ್ಲಿ, ಅದೂ ಅವ್ವನಿಗೆ ಗೊತ್ತಾಗದ ಹಾಗೆ. ಸಣ್ಣವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದಳು. ಸೈಕಲ್ಲಿನ ಸುದ್ದಿ ತೆಗೆದರೆ ಸಾಕು, ಅವ್ವ ಗುರಮ್ಮ "ಬಿದ್ದು ಇದ್ದೊಂದು ಕಾಲೂ ಮುರಕೋತಿ ನೋಡು" ಎಂದು ಬಾಯಿ ಮಾಡುತ್ತಿದ್ದಳು. ಅಪ್ಪ ಸಾತಲಿಂಗಪ್ಪ ಬೇರೆ ಥರದ ಮನುಷ್ಯ. ಸೊಲ್ಲಾಪುರ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದ ಅವನಿಗೆ ಡ್ಯೂಟಿಗೂ ಸಂತೆಗೂ ಬೀಗರ ಮನೆಗೂ ಒಂದೇ ಕರಿ ಸೈಕಲ್ಲು. ರವಿವಾರ ಗುರಮ್ಮ ಸಿದ್ಧರಾಮೇಶ್ವರ ಗುಡಿಗೆ ಹೋದ ಹೊತ್ತು ನೋಡಿ ಮಗಳನ್ನು ಗೂಡ್ಸ್ ಯಾರ್ಡಿನ ಹಿಂದಿನ ಬಯಲಿಗೆ ಕರೆದೊಯ್ಯುತ್ತಿದ್ದ. ಸೀಟು ಹಿಡಿದು ಹಿಂದೆ ಓಡುತ್ತ, "ಬಲಗಾಲಿಲೆ ತುಳಿ, ಎಡಗಾಲು ಸುಮ್ಮನ ಮ್ಯಾಲ ಇಟ್ಟಿರು, ಅದು ತಾನs ತಿರಗತದ" ಎನ್ನುತ್ತಿದ್ದ. ಹಾಗೆಯೇ ಕಲಿತಳು. ಮೊಣಕಾಲಿನ ಗಾಯ ನೋಡಿ ಅವ್ವನಿಗೆ ಎಲ್ಲ ತಿಳಿಯುವಷ್ಟರಲ್ಲಿ ಉಜ್ವಲಾ ಪೇಟೆಯ ಓಣಿಯಲ್ಲಿ ಎಮ್ಮೆಗಳ ನಡುವೆ ಸೈಕಲ್ ತೂರಿಸುವಷ್ಟು ಗಟ್ಟಿಯಾಗಿದ್ದಳು.

ಬಿ.ಕಾಂ. ಮುಗಿಸಿದ ಮೇಲೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ನೇಯುವ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಅವಳಿಗೆ ಲೆಕ್ಕಪತ್ರದ ಕೆಲಸ ಸಿಕ್ಕಿತು. ಅಪ್ಪ ಲೇಡೀಸ್ ಸೈಕಲ್ ಕೊಡಿಸಿದ. ಬೆಳಿಗ್ಗೆ ಹೋಗುವಾಗ ಏನೂ ತ್ರಾಸವಿರಲಿಲ್ಲ. ಗಾಳಿ ಬೆನ್ನಿಗಿರುತ್ತಿತ್ತು. ಸಂಜೆ ಮನೆಯ ಕಡೆ ತಿರುಗಿದಾಗ ಅದೇ ಗಾಳಿ ಎದೆಗೆ ಬಂದು ನಿಲ್ಲುತ್ತಿತ್ತು. ಜೂನಿನಲ್ಲಿ ಮಿರಗ ಮಳೆ ಶುರುವಾದ ಮೇಲಂತೂ ಪಡುವಣದಿಂದ ಧೂಳು ಸಮೇತ ನುಗ್ಗುತ್ತಿತ್ತು. ಎರಡು ಗಟ್ಟಿ ಕಾಲಿನವರು ಬೈಯುತ್ತ ತುಳಿದುಕೊಂಡು ಹೋಗುತ್ತಿದ್ದರು. ಉಜ್ವಲಾಳ ಬಲಗಾಲೊಂದಕ್ಕೇ ಆ ಗಾಳಿ ಬಗ್ಗುತ್ತಿರಲಿಲ್ಲ. ಇಳಿದು, ಸೈಕಲ್ ನೂಕುತ್ತ, ವಾಲುತ್ತ ನಡೆಯುವಳು. ಟಮಟಮ ರಿಕ್ಷಾದವರು ನಿಲ್ಲಿಸಿ "ಯಾ ಬಾಯಿ, ಬಸಾ" ಎಂದು ಮರಾಠಿಯಲ್ಲಿ ಹತ್ತಿ ಕೂಡಲು ಕರೆದರೆ ಕೈ ಆಡಿಸಿ ಮುಂದೆ ಕಳಿಸುವಳು. ಕನಿಕರದಿಂದ ನೋಡುವ ಕಣ್ಣುಗಳ ನಡುವೆ ಕೂಡುವುದಕ್ಕಿಂತ ನೂಕಿಕೊಂಡು ಹೋಗುವುದೇ ವಾಸಿ ಎನಿಸುತ್ತಿತ್ತು.

ತೊಂಬತ್ನಾಲ್ಕರ ಮಳೆಗಾಲದಲ್ಲಿ ಟ್ಯೂಬ್ ಬದಲಿಸಲು ಗುರುಸಿದ್ಧನ ಅಂಗಡಿಗೆ ಹೋದಾಗ ಮೇಲೆ ತೂಗುಹಾಕಿದ್ದ ಗೇರ್ ಸೈಕಲ್ ಅವಳ ಕಣ್ಣಿಗೆ ಬಿತ್ತು. ಗುರುಸಿದ್ಧನದು ಅಜ್ಜನ ಕಾಲದಿಂದ ಸೈಕಲ್ ವ್ಯಾಪಾರದ ಮನೆತನ. ಆ ಸೈಕಲ್ಲು ಯಾರೋ ಕಾಲೇಜು ಹುಡುಗ ಒಯ್ದು, ಚೈನ್ ಪದೇ ಪದೇ ಬೀಳುತ್ತದೆಂದು ತಿರುಗಿಸಿ ತಂದುಕೊಟ್ಟದ್ದು. ಹಿಂದಿನ ಗಾಲಿಗೆ ದೊಡ್ಡದರಿಂದ ಸಣ್ಣದರವರೆಗೆ ಐದು ಹಲ್ಲಿನ ಚಕ್ರ. ಲಿವರ್ ಎಳೆದರೆ ಕೆಳಗೆ ಜೋತುಬಿದ್ದ ಒಂದು ಸಣ್ಣ ಕಬ್ಬಿಣದ ಕೈ ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಿತ್ತು.

ಉಜ್ವಲಾ ಅದನ್ನು ಕೆಳಗಿಳಿಸಲು ಹೇಳಿದಳು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚೈನನ್ನು ದೊಡ್ಡ ಚಕ್ರಕ್ಕೆ ಹಾಕಿಸಿ, ಪೆಡಲನ್ನು ಒಂದೇ ಬೆರಳಿನಿಂದ ಒತ್ತಿದಳು. ಗಾಲಿ ಹಗುರಾಗಿ ತಿರುಗಿತು. ಆಮೇಲೆ ಎಡಗಾಲಿನ ಚಪ್ಪಲಿ ಬಿಟ್ಟು ಆ ಕಾಲಿನಿಂದಲೇ ಒತ್ತಿದಳು. ಆಗಲೂ ತಿರುಗಿತು.

"ಗುರುಸಿದ್ಧಣ್ಣಾ, ಈ ಗಾಲಿ ನನ್ನ ಸೈಕಲ್ಲಿಗೆ ಕೂಡಸ್ರಿ."

ಗುರುಸಿದ್ಧ ನಕ್ಕ. "ತಂಗಿ, ಅದು ಗಂಡಸರ ಸೈಕಲ್ಲಿಂದು. ನಿಂದರ ಹಿಂದ ಜಾಗಾ ಸಣ್ಣದು, ಕೂಡಂಗಿಲ್ಲ."

"ಕಬ್ಬಿಣ ಐತಲ್ಲ, ಅಗಲಸ್ರಿ."

"ಅಗಲಸ್ತೀನಿ ಖರೆ. ನಿಮ್ಮಪ್ಪ ನನ್ನ ಬಿಡ್ತಾನೇನು?"

ಸಾತಲಿಂಗಪ್ಪ ಸುಮ್ಮನೆ ಬಿಡಲಿಲ್ಲ. ಅಷ್ಟೊತ್ತಿಗೆ ಅವನು ರಿಟಾಯರ್ ಆಗಿದ್ದ. ಕರಿ ಸೈಕಲ್ಲಿನ ಸೇವೆಗೆ ಬೇಕಾದಷ್ಟು ವೇಳೆಯಿತ್ತು. ಕಟ್ಟೆಯ ಮೇಲೆ ಕೂತು ಮಗಳಿಗೆ ತಿಳಿಹೇಳಿದ. "ನೋಡವಾ, ಸೈಕಲ್ ಅಂದ್ರ ಎರಡು ಗಾಲಿ, ಒಂದು ಚೈನು. ಅದರಾಗ ಇಷ್ಟೆಲ್ಲಾ ಕಾರಭಾರ ಯಾಕ? ನಂದರ ಮೂವತ್ತು ವರ್ಷ ಆತು, ಯಾವ ಹಳ್ಳ್ಯಾಗ ಕೆಟ್ರೂ ಯಾರರೆ ರಿಪೇರಿ ಮಾಡಿ ಕೊಡ್ತಾರ. ಇದು ಕೆಟ್ರ ಯಾರು ಮುಟ್ತಾರ?"

"ಅಪ್ಪಾ, ನಿಮಗ ಎರಡು ಕಾಲು ಅದಾವ. ನನಗ ಒಂದೂವರಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಗುರಮ್ಮ, "ಮಾಡ್ಕೊಳ್ಳಲಿ ಬಿಡ್ರಿ, ನೂಕ್ಕೋತ ಬರೋದು ನಾನೂ ನೋಡೀನಿ" ಎಂದಳು. ಆ ಮಾತು ಅವ್ವನ ಬಾಯಿಂದ ಬಂತೆಂದು ಉಜ್ವಲಾಳಿಗೇ ಅಚ್ಚರಿಯಾಯಿತು.

ಗುರುಸಿದ್ಧ ಎಂಟು ದಿನ ಹೆಣಗಾಡಿ, ಗೇರಿನ ಕೈ, ಲಿವರ್ ಸಮೇತ ಗಾಲಿ ಕೂಡಿಸಿಕೊಟ್ಟ. ಮೊದಮೊದಲು ಅಪ್ಪ ಹೇಳಿದ್ದೇ ಖರೆಯಾಯಿತು. ಹೋಟಗಿ ನಾಕಾ ಚೌಕದ ಗದ್ದಲದಲ್ಲಿ ಚೈನ್ ಬೀಳುವುದು, ಅವಳು ಇಳಿದು ಕೈಯೆಲ್ಲ ಕರಿ ಮಾಡಿಕೊಂಡು ಹಾಕುವುದು, ಆಫೀಸಿಗೆ ತಡವಾಗುವುದು. "ಇವತ್ತ ಎಲ್ಲಿ ಬಿತ್ತು?" ಎಂದು ಅಪ್ಪ ದಿನಾ ಸಂಜೆ ಕೇಳುವನು. ಉಜ್ವಲಾ ಸಿಟ್ಟಾಗಲಿಲ್ಲ. ರವಿವಾರ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಆ ಕಬ್ಬಿಣದ ಕೈಗಿದ್ದ ಸಣ್ಣ ಸ್ಕ್ರೂಗಳನ್ನು ಒಂದಿಷ್ಟು ಬಿಗಿ ಮಾಡಿ, ಒಂದಿಷ್ಟು ಸಡಿಲಿಸಿ, ಯಾವುದು ಏನು ಮಾಡುತ್ತದೆಂದು ನೋಡುತ್ತ ಕೂತಳು. ದೀಪಾವಳಿಯ ಹೊತ್ತಿಗೆ ಚೈನ್ ಬೀಳುವುದು ನಿಂತಿತು. ಎದುರುಗಾಳಿ ಬಂದರೆ ದೊಡ್ಡ ಚಕ್ರ, ಬೆನ್ನಗಾಳಿಗೆ ಸಣ್ಣದು. ಸಾವಕಾಶವಾಗಿಯಾದರೂ ಕಾರಖಾನೆಯಿಂದ ಮನೆಯವರೆಗೆ ಇಳಿಯದೆ ಬರತೊಡಗಿದಳು. ಎಡಗಾಲೂ ತನ್ನ ಪಾಲಿನದಿಷ್ಟು ತುಳಿಯುತ್ತಿತ್ತು. ಅಪ್ಪ ಕೇಳುವುದು ಬಿಟ್ಟ. ಆದರೆ ಒಪ್ಪಿಕೊಂಡೆ ಎಂದೂ ಹೇಳಲಿಲ್ಲ.

ಸಾತಲಿಂಗಪ್ಪ ವರ್ಷಕ್ಕೊಮ್ಮೆ, ಆಷಾಢದ ಒಂದು ಗುರುವಾರ, ಸುಮಾರು ನಲವತ್ತು ಕಿಲೋಮೀಟರ್ ದೂರದ ಅಕ್ಕಲಕೋಟಕ್ಕೆ, ಸ್ವಾಮಿಗಳ ಗುಡಿಯ ದರ್ಶನಕ್ಕೆ ಸೈಕಲ್ ಮೇಲೆ ಹೋಗುತ್ತಿದ್ದ. ಅಲ್ಲಿ ತಂಗಿ ರತ್ನಾಬಾಯಿಯ ಮನೆಯಲ್ಲಿ ವಸ್ತಿ ಮಾಡಿ ಮರುದಿನ ತಿರುಗಿ ಬರುವುದು. ಹೆಂಡತಿ ಮಗಳು ಎಸ್.ಟಿ. ಬಸ್ಸಿನಲ್ಲಿ ಹೋಗಿ ಅವನ ದಾರಿ ಕಾಯುವುದು ರೂಢಿ. ತೊಂಬತ್ತೈದರಲ್ಲಿ ಉಜ್ವಲಾ, "ಅವ್ವಾ, ನೀ ಒಬ್ಬಾಕಿನೇ ಬಸ್ಸಿಗೆ ಬಾ. ನಾ ಅಪ್ಪನ ಜೋಡಿ ಬರ್ತೀನಿ" ಎಂದಳು.

ನಸುಕಿನಲ್ಲಿ ಹೊರಟರು. ಗಾಳಿ ಹಿಂದಿನಿಂದ ದಬ್ಬುತ್ತಿತ್ತು. ಕುಂಭಾರಿ ದಾಟುವವರೆಗೆ ಮಾತಾಡುತ್ತ ಜೋಡಿಯಾಗಿ ಹೋದರು. ವಳಸಂಗದ ಹತ್ತಿರ ಜೋಳದ ಕಣಕಿ ಹೇರಿದ ಬಂಡಿಯೊಂದು ಎದುರಾಯಿತು. ದಾರಿಯ ಮೇಲೆ ಉದುರಿದ ಕಣಕಿಯ ಒಂದು ದಂಟು ಉಜ್ವಲಾಳ ಹಿಂದಿನ ಗಾಲಿಗೆ ಸಿಕ್ಕು, ಗೇರಿನ ಕೈಯನ್ನು ಎಳೆದುಕೊಂಡು ಕಡ್ಡಿಗಳೊಳಗೆ ತುರುಕಿತು. ಕರಕರ ಸದ್ದಾಗಿ ಸೈಕಲ್ ನಿಂತೇ ಬಿಟ್ಟಿತು. ಉಜ್ವಲಾ ಬಲಗಾಲು ಊರಿ ಬೀಳದೆ ಉಳಿದಳು.

ಸಾತಲಿಂಗಪ್ಪ ಇಳಿದು ಬಂದು ಬಗ್ಗಿ ನೋಡಿದ. ಗೇರಿನ ಕೈ ಸೊಟ್ಟಗಾಗಿ ಮುರಿದಿತ್ತು. "ನಾ ಏನ್ ಹೇಳಿದ್ದೆ?"

"ಹೇಳಿದ್ರಿ. ಈಗ ನಿಮ್ಮ ಚೀಲ ತೆಗೀರಿ."

ಸಾತಲಿಂಗಪ್ಪನ ಸೀಟಿನ ಹಿಂದೆ ಯಾವಾಗಲೂ ಒಂದು ಚರ್ಮದ ಚೀಲ. ಅದರಲ್ಲಿ ನಟ್ಟು ಬಿಚ್ಚುವ ಪಾನಾ, ಪಕ್ಕಡ, ಪಂಕ್ಚರಿನ ಸಾಮಾನು, ಚೈನಿನ ಪಿನ್ನು ಹೊರಡಿಸುವ ಚೂಪು ಕಬ್ಬಿಣ. ಅವನು ಪಕ್ಕಡ ಕೈಗೆ ತಗೊಂಡು, "ಬಸ್ ಬರ್ತದ, ಸೈಕಲ್ ಟಪ್ಪಿನ ಮ್ಯಾಲ ಹಾಕ್ತಾರ. ನೀ ಹೋಗು" ಎಂದ. ಉಜ್ವಲಾ ಕೇಳಿಸಿಕೊಳ್ಳದವಳಂತೆ ಮುರಿದ ಕೈಯನ್ನು ಬಿಚ್ಚಿ ತೆಗೆದು ಕ್ಯಾರಿಯರಿಗೆ ಕಟ್ಟಿದಳು. "ಚೈನ್ ಗಿಡ್ಡ ಮಾಡಿದ್ರ ಒಂದs ಚಕ್ರಕ್ಕ ಹಾಕಿ ಬಿಗಿಬಹುದು ಅಪ್ಪಾ. ಸಾದಾ ಸೈಕಲ್ ಇದ್ದಂಗ ಆಗ್ತದ."

ಅಪ್ಪನ ಮುಖ ಅರಳಿತು. ಇದು ಅವನ ಸೀಮೆಯ ಕೆಲಸ. ಚೈನನ್ನು ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಪಿನ್ನು ಹೊರಡಿಸಿದ. "ಸಣ್ಣ ಚಕ್ರಕ್ಕ ಹಾಕ್ತೀನಿ, ನನ್ನ ಸೈಕಲ್ಲಿನಂಗ ಓಡ್ತದ."

"ಬ್ಯಾಡ. ದೊಡ್ಡದಕ್ಕ ಹಾಕ್ರಿ."

"ಅಷ್ಟು ದೊಡ್ಡದಕ್ಕ ಹಾಕಿದ್ರ ಕಾಲು ಗಿರಿಗಿರಿ ತಿರಗ್ತಾವ, ಸೈಕಲ್ ಮುಂದ ಹೋಗಂಗಿಲ್ಲ."

"ತಿರಗಲಿ. ನಾಳೆ ತಿರಿಗಿ ಬರೂದೂ ಐತಿ."

ಚೈನ್ ದೊಡ್ಡ ಚಕ್ರಕ್ಕೇ ಬಿತ್ತು. ಅಕ್ಕಲಕೋಟದವರೆಗೆ ಅಪ್ಪ ಮುಂದೆ ಹೋಗಿ ಬೇವಿನ ನೆರಳಿಗೆ ನಿಲ್ಲುವನು, ಮಗಳು ಗಿರಿಗಿರಿ ತುಳಿಯುತ್ತ ಬಂದು ಮುಟ್ಟುವಳು. ರತ್ನಾಬಾಯಿಯ ಬಾಗಿಲಲ್ಲಿ ಗುರಮ್ಮ ನಿಂತಿದ್ದಳು. ಮಗಳ ಧೂಳುಮುಖ ನೋಡಿ ಬಚ್ಚಲಿಗೆ ಬಿಸಿನೀರು ಒಯ್ದಳು. ರತ್ನಾಬಾಯಿ, "ಅರೆ ವ್ಹಾ! ನಮ್ಮ ಉಜ್ಜಿ ಸೊಲ್ಲಾಪುರದಿಂದ ತುಳಕೊಂಡು ಬಂದಾಳ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಉಜ್ವಲಾ ಅವತ್ತು ಗುಡಿಯಲ್ಲಿ ಸ್ವಾಮಿಗಳ ಮುಂದೆ ನಿಂತು ಏನೂ ಬೇಡಲಿಲ್ಲ. ಬೇಡುವಂಥದ್ದೇನೂ ನೆನಪಿಗೆ ಬರಲಿಲ್ಲ.

ಮರುದಿನ ಗಾಳಿ ತನ್ನ ಗುಣ ತೋರಿಸಿತು. ಊರು ಬಿಟ್ಟ ಕೂಡಲೇ ಎದುರಿನಿಂದ ಗೋಡೆಯ ಹಾಗೆ ಬಂತು. ಸಾತಲಿಂಗಪ್ಪ ಹಿಂದೆಯೂ ಈ ಗಾಳಿಗೆ ತುಳಿದವನೇ. ಆದರೆ ಅರವತ್ತು ದಾಟಿದ ಮೇಲೆ ಇದು ಮೊದಲ ಸಲ. ಸೀಟು ಬಿಟ್ಟು ಎದ್ದು ನಿಂತು ತುಳಿದ, ಹ್ಯಾಂಡಲ್ಲಿಗೆ ಬಗ್ಗಿ ತುಳಿದ. ಕಡೆಗೆ ಉಸಿರು ಸಾಲದೆ ಇಳಿದು ನೂಕತೊಡಗಿದ. ಉಜ್ವಲಾ ಸಾವಕಾಶ, ಒಂದೇ ಸಮನೆ ಕಾಲು ತಿರುಗಿಸುತ್ತ ಅವನನ್ನು ದಾಟಿ ಹೋದಳು. ದಾಟುವಾಗ ಅವನ ಕಡೆ ನೋಡಲಿಲ್ಲ. ಹಾಗೆ ನೂಕಿಕೊಂಡು ಹೋಗುವವರಿಗೆ ನೋಡುವವರ ಕಣ್ಣು ಹೇಗೆ ಚುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ಮುಂದೆ ಒಂದು ಬೇವಿನ ಗಿಡದ ಕೆಳಗೆ ಇಳಿದು ಕಾದಳು.

ಅಪ್ಪ ಬಂದು ಮುಟ್ಟಿ, ನೀರು ಕುಡಿದು, ಮುಖ ಒರೆಸಿಕೊಂಡ. ಉಜ್ವಲಾ ತನ್ನ ಸೈಕಲ್ಲಿನ ಹ್ಯಾಂಡಲ್ ಅವನ ಕಡೆ ತಿರುಗಿಸಿದಳು. "ಹತ್ರಿ."

"ನಾ ಹೆಣ್ಣಮಕ್ಕಳ ಸೈಕಲ್ ಹತ್ಲೇನು?"

"ಇಲ್ಲಿ ಯಾರ ನೋಡಾಕತ್ತಾರ? ಆ ಸೇತುವಿ ತನಕ ಹೋಗಿ ಬರ್ರಿ."

ಸಾತಲಿಂಗಪ್ಪ ಹಿಂದೆ ಮುಂದೆ ನೋಡಿ ಹತ್ತಿದ. ಎದುರುಗಾಳಿಗೆ ಅವನ ಟೊಪ್ಪಿಗೆ ಹಾರಿತು. ಉಜ್ವಲಾ ಅದನ್ನು ಹಿಡಿದುಕೊಂಡು ನೋಡುತ್ತ ನಿಂತಳು. ಅಪ್ಪನ ಮೊಣಕಾಲುಗಳು ಲೇಡೀಸ್ ಸೈಕಲ್ಲಿನ ಮೇಲೆ ಎದೆಯವರೆಗೆ ಏರುತ್ತಿದ್ದವು. ಆದರೂ ಸೈಕಲ್ ನಿಲ್ಲಲಿಲ್ಲ. ಸೇತುವೆ ಮುಟ್ಟಿ, ತಿರುಗಿ, ಬೆನ್ನಗಾಳಿಗೆ ತೇಲುತ್ತ ಬಂದು ಇಳಿದವನು ಬಗ್ಗಿ ಆ ದೊಡ್ಡ ಚಕ್ರವನ್ನೇ ನೋಡಿದ.

"ಕಾಲಿಗೆ ಭಾರs ಹತ್ತಂಗಿಲ್ಲಲ್ಲ ಇದು."

"ಅದಕ್ಕs ಗೇರ್ ಅಂತಾರ ಅಪ್ಪಾ."

"ಎಲ್ಲೈತಿ ಗೇರು? ಗೇರ್ ಮುರದು ಕ್ಯಾರಿಯರಿನ್ಯಾಗ ಕೂತೈತಿ. ಇದು ಬರೇ ದೊಡ್ಡ ಹಲ್ಲಿನ ಚಕ್ರ. ಸಾದಾ ಸೈಕಲ್ಲು!"

ಉಜ್ವಲಾ ಬೇವಿನ ಗಿಡಕ್ಕೆ ಒರಗಿ ನಕ್ಕಳು. ಅಪ್ಪನೂ ನಕ್ಕ. ಮುಂದೆ ವಳಸಂಗದವರೆಗೆ ನೂಕುತ್ತ, ತುಳಿಯುತ್ತ ಇಬ್ಬರೂ ಅದೇ ವಾದ ಮಾಡಿದರು. ಅವನು ಹೇಳಿದ, ಬೇಕಾದ್ದು ಸರಿಯಾದ ಒಂದು ಚಕ್ರ, ಐದಲ್ಲ. ಅವಳು ಹೇಳಿದಳು, ನಿನ್ನೆ ಬೆನ್ನಗಾಳಿಯಲ್ಲಿ ಇದೇ ಚಕ್ರದಿಂದಾಗಿ ನಾನು ಹಿಂದೆ ಬಿದ್ದೆ, ಇವತ್ತು ನಿಮ್ಮ ಚಕ್ರದಿಂದಾಗಿ ನೀವು ಹಿಂದೆ ಬಿದ್ದಿರಿ, ಎರಡೂ ಬೇಕೆಂದರೆ ದಾಟಿಸುವ ಕೈಯೂ ಬೇಕು. ವಳಸಂಗದಲ್ಲಿ ಚಹಾ ಕುಡಿಯುವಾಗ ಸಾತಲಿಂಗಪ್ಪ, "ಹೊಸಾ ಕೈ ಹಾಕಿಸಿದ್ರ ಅದಕ್ಕೊಂದು ತಗಡಿನ ಅಡ್ಡಾ ಮಾಡಸು, ಕಣಕಿ ಸಿಗಬಾರದು" ಎಂದ. ಅವನಿಂದ ಅಷ್ಟು ಬಂದದ್ದೇ ದೊಡ್ಡದು.

ಉಜ್ವಲಾ ಹೊಸ ಕೈ ಹಾಕಿಸಿದಳು, ತಗಡಿನ ಅಡ್ಡವನ್ನೂ ಮಾಡಿಸಿದಳು. ಅದೇ ವಾರ ಸಾತಲಿಂಗಪ್ಪ ಗುರುಸಿದ್ಧನ ಅಂಗಡಿಗೆ ಹೋಗಿ ತನ್ನ ಕರಿ ಸೈಕಲ್ಲಿಗೆ ಇದ್ದುದರಲ್ಲೇ ದೊಡ್ಡ ಫ್ರೀವೀಲ್, ಅಂದರೆ ಹಿಂದಿನ ಹಲ್ಲಿನ ಚಕ್ರ, ಕೂಡಿಸಿಕೊಂಡು ಬಂದ. ಮಗಳು ನೋಡಿಯೂ ನೋಡದ ಹಾಗೆ ಇದ್ದಳು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಇಬ್ಬರೂ ಕೂಡಿಯೇ ಅಕ್ಕಲಕೋಟಕ್ಕೆ ಹೋದರು. ಕಾರಖಾನೆಯಲ್ಲಿ ಬಾಬಿನ್ ಸುತ್ತುವ ಗಂಗುಬಾಯಿ, ಬೆನ್ನುನೋವಿನಿಂದ ಸೈಕಲ್ ಬಿಟ್ಟಿದ್ದವಳು, ಉಜ್ವಲಾಳದನ್ನು ಒಂದು ಸುತ್ತು ಹೊಡೆದು ನೋಡಿ ತಾನೂ ಗಂಡನ ಸೈಕಲ್ಲಿಗೆ ಸಾತಲಿಂಗಪ್ಪನಂಥದೇ ಫ್ರೀವೀಲ್ ಹಾಕಿಸಿದಳು. ಗೇರು ಮಾತ್ರ ಬೇಡವೆಂದಳು. ಉಜ್ವಲಾ ಒತ್ತಾಯ ಮಾಡಲಿಲ್ಲ.

ತೊಂಬತ್ತೆಂಟರಲ್ಲಿ ಗುರುಸಿದ್ಧನ ಅಂಗಡಿಗೆ ಹೊಸ ನಮೂನೆಯ ಸೈಕಲ್ ಬಂತು. ದಪ್ಪ ಟಾಯರು, ಹಿಂದೆ ಮುಂದೆ ಸ್ಪ್ರಿಂಗು, ಹದಿನೆಂಟು ಗೇರು. ಗುರುಸಿದ್ಧ ಉಜ್ವಲಾಳಿಗೆ ಮುದ್ದಾಂ ಹೇಳಿಕಳಿಸಿದ. ಅಪ್ಪನೂ ಜೊತೆಗೆ ಬಂದ. ಅವಳು ಸೀಟು ಇಳಿಸಿಕೊಂಡು ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದಳು.

"ಹೆಂಗೈತಿ ತಂಗಿ?"

"ಸ್ಪ್ರಿಂಗ್ ನನಗ ಬ್ಯಾಡ್ರಿ. ತುಳಿದಾಗೊಮ್ಮೆ ಜಗ್ಗತದ, ನನ್ನ ಅರ್ಧಾ ಬಲಾ ಅದs ತಿಂತದ. ಭಾರನೂ ಭಾಳ. ಹದಿನೆಂಟು ಗೇರಿನ್ಯಾಗ ನನಗ ಬೇಕಾದ್ದು ಐದಾರು."

ಸಾತಲಿಂಗಪ್ಪ ಖುಷಿಯಿಂದ ತೊಡೆ ತಟ್ಟಿದ. "ಕಡೀಕೂ ನನ್ನ ದಾರಿಗೆ ಬಂದಿ!"

"ಇಲ್ಲಪ್ಪಾ," ಎಂದು ಅವಳು ಆ ಸೈಕಲ್ಲಿನ ಹ್ಯಾಂಡಲ್ ಮೇಲಿದ್ದ ಗೇರಿನ ಲಿವರನ್ನು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಒಂದು ಮನೆ ದಾಟಿ ನಿಂತಿತು. ಅವಳ ಸೈಕಲ್ಲಿನ ಲಿವರಿನ ಹಾಗೆ ಅಂದಾಜಿನಿಂದ ಎಳೆಯುವ ಗೊಡವೆಯಿಲ್ಲ. "ಇದು ಛಲೋ ಐತಿ. ಗುರುಸಿದ್ಧಣ್ಣಾ, ಈ ಲಿವರ್ ಒಂದs ಸಿಗ್ತದೇನ್ರಿ?"

"ಸಿಗ್ತದ. ಅದಕ್ಕ ಹೊಂದೂ ಹಿಂದಿನ ಚಕ್ರಾನೂ ತರಸಬೇಕಾಗ್ತದ."

"ತರಸ್ರಿ."

ಗುರುಸಿದ್ಧ ಒಳಗೆ ಹೋದ. ಸಾತಲಿಂಗಪ್ಪ ಆಚೀಚೆ ನೋಡಿ, ತಾನೂ ಹೆಬ್ಬೆರಳಿಟ್ಟು ಲಿವರ್ ಒತ್ತಿದ. ಟಕ್. ಇನ್ನೊಮ್ಮೆ ಒತ್ತಿದ. "ಪೋರಿ, ಇದು ಖರೇನs ಛಲೋ ಮಾಡ್ಯಾರ" ಎಂದು, ಮತ್ತೊಮ್ಮೆ ಒತ್ತಿದ.