ಹಿಂದಿನ ಎಡ ಬಾಗಿಲಿನ ರಬ್ಬರು

ನನ್ನ ಯಜಮಾನರ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು. ಅದು ಒಳಗೊಳಗೇ ಕಣ್ಣಿನ ಪರದೆಯನ್ನು ಕೆಡಿಸುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಒಂದು ಕಣ್ಣಿನಲ್ಲಿ ಬರೀ ಬೆಳಕು ಉಳಿದಿತ್ತು, ಇನ್ನೊಂದರಲ್ಲಿ ಮಸುಕು ಮಸುಕಾದ ಆಕಾರಗಳು. ಕುಷ್ಟಗಿಯಲ್ಲಿ ಅವರದು ಪಂಪ್‌ಸೆಟ್ಟಿನ ಅಂಗಡಿ. ಬೋರಿನ ಮೋಟಾರು ಸುಟ್ಟಿದೆ ಎಂದು ಯಾವ ಹಳ್ಳಿಯಿಂದ ಫೋನು ಬಂದರೂ ಕಾರು ತೆಗೆದುಕೊಂಡು ತಾವೇ ಹೊರಡುತ್ತಿದ್ದ ಮನುಷ್ಯ. ಈಗ ಅಂಗಡಿಯನ್ನು ಅವರ ತಮ್ಮ ನೋಡಿಕೊಳ್ಳತೊಡಗಿದ. ಕಾರು ಮನೆಯ ಮುಂದಿನ ಬೇವಿನ ಮರದ ಕೆಳಗೆ ಎಲೆ ಹೊದ್ದುಕೊಂಡು ನಿಂತಿತು.

ನಾನು ತಾವರಗೇರಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆಗ ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಆದರೆ ಉಳಿದ ಕಣ್ಣನ್ನು ಉಳಿಸಿಕೊಳ್ಳಲು ಅವರನ್ನು ಆಗಾಗ ಕೊಪ್ಪಳಕ್ಕೆ ಕರೆದೊಯ್ದು ಕಣ್ಣಿಗೇ ಇಂಜೆಕ್ಷನ್ ಹಾಕಿಸಬೇಕಾಗಿತ್ತು. ಒಮ್ಮೆ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲು ತಪ್ಪಿ, ಜನರ ನಡುವೆ ಮೊಣಕಾಲೂರಿ ಬಿದ್ದರು. ಎಬ್ಬಿಸಲು ಬಂದವರ ಕೈ ಕೊಡವಿದರು. ಆ ವಾರವೇ ನಾನು ಡ್ರೈವಿಂಗ್ ಕಲಿಯಲು ಹೋದೆ. ಐವತ್ತರ ಹತ್ತಿರ ಬಂದ ಟೀಚರು ಬಸ್‌ಸ್ಟ್ಯಾಂಡಿನ ಎದುರು ಗಾಡಿ ಬಂದ್ ಬೀಳಿಸಿಕೊಂಡು ನಿಲ್ಲುವುದನ್ನು ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ನೋಡಿದರು. ನಗಲಿಲ್ಲ. ಇಬ್ಬರು ಬಂದು ತಳ್ಳಿಯೂ ಕೊಟ್ಟರು.

ಕಾರಿನಲ್ಲಿ ನನ್ನ ಪಕ್ಕ ಕೂತರೆ ಅವರಿಗೆ ಬಾಯಿ ಮುಚ್ಚಲಾಗುತ್ತಿರಲಿಲ್ಲ. ಎಂಜಿನ್ನಿನ ದನಿ ಕೇಳಿಯೇ ಮೂರನೇ ಗೇರಿಗೆ ಹಾಕು ಅನ್ನುವರು, ಕ್ಲಚ್ಚಿನ ಮೇಲಿಂದ ಕಾಲು ತೆಗಿ ಅನ್ನುವರು. ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಹೀಗೆ ಒಂದು ದಿನ ಕೊಪ್ಪಳದ ದಾರಿಯಲ್ಲಿ, ರಸ್ತೆ ಅಗಲ ಮಾಡಲು ಅಗೆದು ಬಿಟ್ಟಿದ್ದ ಜಾಗ ದಾಟುವಾಗ, ಅವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು.

"ಹಿಂದ ಎಲ್ಲೋ ಕಿರ್ ಕಿರ್ ಅಂತೈತಿ. ಕೇಳಸ್ತೇನು?"

ನನಗೆ ಏನೂ ಕೇಳಿಸಲಿಲ್ಲ. ಗುಂಡಿ ತಪ್ಪಿಸುವುದರಲ್ಲೇ ನನ್ನ ಜೀವವೆಲ್ಲ ಇತ್ತು. ಕಲ್ಲು ಸಿಡಿದಿರಬೇಕು ಅಂದೆ. ಬರುವಾಗ ಅದೇ ಜಾಗದಲ್ಲಿ ಅವರು ಮತ್ತೆ ಅದನ್ನೇ ಹೇಳಿದರು. ಮುಂದಿನ ಸಲವೂ ಹೇಳಿದರು. ಬಾಗಿಲ ಸುತ್ತಲಿನ ರಬ್ಬರು ಒಣಗಿ, ಗಾಡಿ ತಿರುಚಿದಾಗ ತಗಡಿಗೆ ಉಜ್ಜಿ ಕೂಗುತ್ತಿದೆ, ತಾವು ಆ ಸಪ್ಪಳ ಬಲ್ಲೆವು ಎಂದರು.

ಊರಿನ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಒಬ್ಬನೇ ಕೂತು ಒಂದು ಸುತ್ತು ಓಡಿಸಿ ಬಂದು, ಏನೂ ಕೇಳಿಸಲಿಲ್ಲ ಎಂದ. ನನಗೆ ಮೆಲ್ಲಗೆ ಹೇಳಿದ್ದನ್ನೇ ಅವರ ಕಡೆ ತಿರುಗಿ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ. ಮನೆಗೆ ಬಂದ ಮೇಲೆ ಅವರು ಚಪ್ಪಲಿ ಬಿಡುತ್ತ, "ನನಗ ಕಣ್ಣ ಕಾಣೂದಿಲ್ಲ, ಕಿವಿ ಕೇಳಸ್ತಾವ. ಎಲ್ಲಾರೂ ಯಾಕ ಹಿಂಗ ಒದರ್ತಾರ?" ಅಂದರು. ನಾನೂ ಇತ್ತೀಚೆಗೆ ಅವರೊಂದಿಗೆ ದನಿ ಏರಿಸಿಯೇ ಮಾತಾಡುತ್ತಿದ್ದೆ ಎಂಬುದು ಆಗ ಹೊಳೆಯಿತು.

ಆಮೇಲೊಮ್ಮೆ ನನ್ನ ಸಹೋದ್ಯೋಗಿಯೊಬ್ಬರು ಕೊಪ್ಪಳಕ್ಕೆ ನಮ್ಮ ಜೊತೆ ಬಂದರು. ಹಿಂದಿನ ಸೀಟಿನಲ್ಲಿ ಕೂರಿಸಿ, ಸ್ವಲ್ಪ ಕಿವಿಗೊಟ್ಟು ನೋಡಿ ಎಂದು ಮೊದಲೇ ಹೇಳಿಟ್ಟಿದ್ದೆ. ಅಗೆದ ಜಾಗ ಬಂತು, ಹೋಯಿತು. ಯಾವ ಸಪ್ಪಳವೂ ಇರಲಿಲ್ಲ. ಆ ದಿನ ಯಜಮಾನರೂ, ಇಲ್ಲ, ಇವತ್ತು ಕೇಳಿಸಲಿಲ್ಲ ಎಂದು ಒಪ್ಪಿಕೊಂಡರು. ಆದರೆ ಆ ಒಪ್ಪಿಗೆಯಲ್ಲಿ ಅವರ ಮುಖ ಸಣ್ಣದಾದದ್ದನ್ನು ಓರೆಗಣ್ಣಿನಲ್ಲಿ ಕಂಡೆ. ಮುಂದೆ ಅವರು ಆ ಮಾತು ಎತ್ತುವುದನ್ನೇ ಬಿಟ್ಟರು. ಗೇರಿನ ಬಗ್ಗೆಯೂ ಹೇಳುವುದನ್ನು ಬಿಟ್ಟರು. ಕೆಟ್ಟ ರಸ್ತೆ ಬಂದಾಗ ಮಾತ್ರ ಅವರ ಬೆರಳುಗಳು ಬಾಗಿಲ ಹಿಡಿಕೆಯನ್ನು ಬಿಗಿಯುತ್ತಿದ್ದವು. ಈಗ ಅದು ಕೇಳಿಸುತ್ತಿದೆ ಎಂದು ನನಗೆ ಆ ಬೆರಳುಗಳಿಂದ ಗೊತ್ತಾಗುತ್ತಿತ್ತು. ಮಾತಿಲ್ಲದ ಆ ಪ್ರಯಾಣಗಳು ನನಗೆ ಅವರ ಟೀಕೆಗಿಂತ ಕಷ್ಟವಾದವು.

ಚಳಿಗಾಲ ಮುಗಿಯುವ ಹೊತ್ತಿಗೆ ಕುಕನೂರಿನ ಹತ್ತಿರ ಹೊಲದ ಮನೆಯಲ್ಲಿರುವ ನನ್ನ ನಾದಿನಿಯನ್ನು ನೋಡಲು ಹೋಗಿದ್ದೆವು. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ತುಳಿದ ಕಪ್ಪು ಎರೆಮಣ್ಣು ಒಣಗಿ ಕಲ್ಲಿನಂತಾಗಿತ್ತು. ಧೂಳಿಗೆ ಹೆದರಿ ಗಾಜು ಏರಿಸಿದ್ದೆ, ಅವರಿಗೆ ಕೆಮ್ಮೆಂದು ಫ್ಯಾನೂ ಆರಿಸಿದ್ದೆ. ಗಾಡಿಯ ಒಂದು ಗಾಲಿ ಕುಳಿಗೆ ಇಳಿದು ಮೈ ಓರೆಯಾದ ಕ್ಷಣ ಹಿಂದಿನಿಂದ ಆ ದನಿ ಬಂತು. ಒಣಗಿದ ತೊಗಲನ್ನು ಯಾರೋ ಹಿಂಡಿದ ಹಾಗೆ. ನಾನು ಬ್ರೇಕ್ ಒತ್ತಿದೆ.

"ಕೇಳಿಸ್ತ್ರಿ," ಅಂದೆ.

ಅವರು ಹಿಡಿಕೆಯಿಂದ ಕೈ ತೆಗೆದರು. "ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಇಲ್ರಿ. ಹಿಂದ, ಎಡಕ್ಕ. ಕಿರ್ ಅಂತು."

ಗಾಡಿಯನ್ನು ಹಿಂದಕ್ಕೆ ತಗೊಂಡು ಅದೇ ಕುಳಿಗೆ ಮತ್ತೆ ಇಳಿಸಿದೆ. ಮತ್ತೆ ಕೇಳಿತು. ಅವರು ಸೀಟಿಗೆ ತಲೆಯಾನಿಸಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಂದು ಹಾಳು ಸಪ್ಪಳಕ್ಕೆ ಮನುಷ್ಯ ಇಷ್ಟು ಹಿಗ್ಗುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಆ ಸಂಜೆ ಮನೆಗೆ ಬಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮೆಕ್ಯಾನಿಕ್ ಒಬ್ಬನೇ ಇದ್ದಾಗ ಇಲ್ಲ, ಹಿಂದೆ ಜನ ಕೂತಾಗಲೂ ಇಲ್ಲ, ನಾವಿಬ್ಬರೇ ಮುಂದೆ ಕೂತಾಗ ಮಾತ್ರ ಇದೆ. ಅಂದರೆ ಭಾರ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. ರವಿವಾರ ಹಳೆಯ ಸೀರೆಯ ತುಂಡುಗಳನ್ನು ಮಡಚಿ ಒಂದೊಂದು ಬಾಗಿಲಿನ ಸಂದಿಗೆ ಸರದಿಯಂತೆ ಇಟ್ಟು, ಊರ ಹೊರಗಿನ ಕೆಟ್ಟ ದಾರಿಯಲ್ಲಿ ಓಡಿಸಿದೆವು. ಹಿಂದಿನ ಎಡ ಬಾಗಿಲಿಗೆ ಬಟ್ಟೆ ಇಟ್ಟಾಗ ಸಪ್ಪಳ ನಿಂತಿತು. ತೆಗೆದರೆ ಬಂತು.

ಸಿಕ್ಕ ಖುಷಿಯಲ್ಲಿ ಅವಸರ ಮಾಡಿದೆವು. ಅವರು ಕೊಬ್ಬರಿ ಎಣ್ಣೆ ಹಚ್ಚು ಅಂದರು, ನಾನು ಧಾರಾಳವಾಗಿ ಹಚ್ಚಿದೆ. ಕೆಲವು ದಿನ ಕಾರು ಸುಮ್ಮನಿತ್ತು. ಆಮೇಲೆ ನಮ್ಮ ಕಡೆಯ ಕೆಂಪು ಧೂಳೆಲ್ಲ ಆ ಎಣ್ಣೆಗೆ ಮೆತ್ತಿಕೊಂಡು, ರಬ್ಬರು ಉಬ್ಬಿ, ಬಾಗಿಲು ಹಾಕಲು ಎರಡು ಕೈ ಬೇಕಾಯಿತು. ಸಪ್ಪಳ ಮೊದಲಿಗಿಂತ ಜೋರಾಗಿ ಮರಳಿತು. ಈಗ ಅದು ಓಣಿಗೆಲ್ಲ ಕೇಳಿಸುತ್ತಿತ್ತು.

ಗಂಗಾವತಿಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಸಾಬರೊಬ್ಬರು ಪಂಪಿನ ವ್ಯಾಪಾರದ ದಿನಗಳಿಂದ ಯಜಮಾನರಿಗೆ ಗೆಳೆಯರು. ಅಲ್ಲಿಗೆ ಹೋದೆವು. ಅವರು ನಮ್ಮ ಕಥೆ ಕೇಳಿ ಮೊದಲು ಚಹಾ ತರಿಸಿದರು, ಆಮೇಲೆ ಎಣ್ಣೆಯ ವಿಷಯಕ್ಕೆ ಮನಸಾರೆ ನಕ್ಕರು. ತಾವೂ ಒಮ್ಮೆ ಸ್ವಂತ ಗಾಡಿಗೆ ಗ್ರೀಸು ಬಳಿದು ಹೆಂಡತಿಯ ಹೊಸ ಬುರ್ಖಾ ಕೆಡಿಸಿದ್ದನ್ನು ಹೇಳಿದರು. ಆ ಬಾಗಿಲಿಗೆ ಹೊಸ ರಬ್ಬರು ಹಾಕಿ, ಉಳಿದವನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಸಿಲಿಕಾನ್ ಸ್ಪ್ರೇ ಹೊಡೆದ ಬಟ್ಟೆಯಿಂದ ಒರೆಸಿರಿ ಎಂದರು. ನಮ್ಮಲ್ಲೇ ಹಾಕಿಸಿಕೊಡುತ್ತೇನೆ ಅಂದದ್ದಕ್ಕೆ ಯಜಮಾನರು ಬೇಡವೆಂದು ತಲೆಯಾಡಿಸಿದರು.

ಮರುದಿನ ರಜೆ ಇತ್ತು. ಬೇವಿನ ನೆರಳಿನಲ್ಲಿ ನಾಲ್ಕೂ ಬಾಗಿಲು ತೆಗೆದಿಟ್ಟುಕೊಂಡು ಕೂತೆವು. ಹಳೆಯ ರಬ್ಬರನ್ನು ಕಿತ್ತಾಗ ಅದು ಕೂರುವ ತಗಡಿನ ಅಂಚಿನಲ್ಲಿ ಮಣ್ಣು ಗಟ್ಟಿಯಾಗಿತ್ತು. ನಾನು ಒರೆಸಿ, ಆಯಿತು ಅಂದೆ. ಅವರು ಬೆರಳಾಡಿಸಿ, ಇಲ್ಲಿ ಉಳಿದಿದೆ, ಇಲ್ಲೂ ಉಳಿದಿದೆ ಎಂದು ತೋರಿಸಿದರು. ಹೊಸದನ್ನು ಕೂರಿಸುವಾಗ ನಾನು ಮೇಲಿಂದ ಶುರು ಮಾಡಿ ಕೊನೆಯಲ್ಲಿ ಒಂದು ಗೇಣು ಉಬ್ಬು ಉಳಿಸಿಕೊಂಡೆ. ಎಲ್ಲ ಬಿಚ್ಚಿ, ಜೋಡಣೆ ಕೆಳಗೆ ಬರುವಂತೆ ಹಿಡಿದು, ಅವರು ಮೂಲೆಗಳನ್ನು ಒತ್ತುತ್ತ, ನಾನು ಅಂಗೈಯಿಂದ ಗುದ್ದುತ್ತ ಮತ್ತೆ ಕೂರಿಸಿದೆವು. ಇಬ್ಬರ ಕೈಗಳೂ ಕಪ್ಪಾಗಿದ್ದವು.

ಮುಂದಿನ ಬಾಗಿಲಿನ ರಬ್ಬರು ಒರೆಸುತ್ತ ಕೂತಾಗ ಅವರು ತಾವಾಗಿಯೇ ಮಾತು ತೆಗೆದರು.

"ನೀ ಕೇಳಸೂದಿಲ್ಲ ಅಂದಾಗ ನನಗ ಭಾಳ ಅಂಜಿಕಿ ಬಂದಿತ್ತು."

ಒಂದು ಸಪ್ಪಳಕ್ಕೆ ಅಂಜುವುದೇನು ಎಂದೆ.

"ಸಪ್ಪಳಕ್ಕಲ್ಲ. ನನಗ ಗ್ವಾಡಿ ಮ್ಯಾಲ ಹೂವು ಕಾಣಸ್ತಾವ. ಸಾಲ ಹಿಡದು, ಸೀರಿ ಅಂಚಿನಾಗ ಇರ್ತಾವಲ್ಲ ಹಂಗ. ಒಮ್ಮೊಮ್ಮಿ ಮಂದಿ ನಿಂತಿರ್ತಾರ, ಗುರ್ತು ಇಲ್ಲದವರು. ಮುಟ್ಟಾಕ ಹೋದ್ರ ಏನೂ ಇರೂದಿಲ್ಲ. ತಲಿ ಕೆಡಾಕತ್ತೈತಿ ಅಂತ ಯಾರಿಗೂ ಹೇಳಲಿಲ್ಲ. ಕಿವಿ ಒಂದರ ಖರೇ ಹೇಳ್ತೈತಿ ಅಂದಕೊಂಡಿದ್ದೆ. ನೀವೆಲ್ಲಾರೂ ಸಪ್ಪಳಾನೂ ಇಲ್ಲ ಅಂದ್ರಿ."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಒಂದೇ ಮನೆಯಲ್ಲಿ, ಒಂದೇ ಗೋಡೆಯ ಎದುರು ಕೂತು ಉಣ್ಣುತ್ತಿದ್ದೆವು. ಅವರು ಊಟದ ನಡುವೆ ತಟ್ಟನೆ ಗೋಡೆಯತ್ತ ಮುಖ ತಿರುಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಬೇಸರದಿಂದ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಅವರ ಕಪ್ಪು ಕೈಯನ್ನು ಹಿಡಿದುಕೊಂಡೆ. ಡಾಕ್ಟರಿಗೆ ಹೇಳೋಣ ಅಂದೆ. ಹುಚ್ಚು ಅಂದರೆ ಏನು ಮಾಡುವುದು ಎಂದು ಕೇಳಿದರು. ಅಂದರೆ ಅದಕ್ಕೂ ಔಷಧ ತರೋಣ, ಅಂದೆ. ನನ್ನ ದನಿ ನಡುಗಿದ್ದು ಅವರಿಗೆ ಕೇಳಿಸಿರಲೇಬೇಕು.

ಕೊಪ್ಪಳದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೆಣ್ಣುಮಗಳು. ಪೂರ್ತಿ ಕೇಳಿಕೊಂಡು, ಎಷ್ಟು ದಿನದಿಂದ ಇದನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ ಎಂದು ಕೇಳಿದರು. ಕಣ್ಣಿನಿಂದ ಬರುವ ಚಿತ್ರ ಕಡಿಮೆಯಾದಾಗ ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ, ಹೂವು, ಗೋಡೆ, ಮುಖಗಳು ಕಾಣುತ್ತವೆ, ಇಂಥ ಕಣ್ಣಿನ ಅನೇಕರಿಗೆ ಹೀಗಾಗುತ್ತದೆ, ಹೇಳಲು ಮಾತ್ರ ಅಂಜುತ್ತಾರೆ ಎಂದರು. ಇದು ಹುಚ್ಚಲ್ಲ ಎಂಬುದನ್ನು ಅವರು ಮೆಲ್ಲಗೆ, ಸಾಮಾನ್ಯ ದನಿಯಲ್ಲಿ ಹೇಳಿದರು. ಕಣ್ಣು ಸುಧಾರಿಸುವ ಮಾತಾಡಲಿಲ್ಲ. ಇದ್ದಷ್ಟು ಉಳಿಸಿಕೊಳ್ಳೋಣ ಅಂದರು. ಯಜಮಾನರು ಹೊರಗೆ ಬಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ನಾನು ಅವಸರಪಡಿಸಲಿಲ್ಲ.

ಅದಾದ ಮೇಲೆ ಒಂದು ಬೆಳಗ್ಗೆ ಹೇಮಗುಡ್ಡಕ್ಕೆ ಹೋಗೋಣ ಎಂದು ಅವರೇ ಹೊರಡಿಸಿದರು. ತಾವರಗೇರಾ, ಕನಕಗಿರಿ ದಾಟಿ ಹೋದೆವು. ಕೆಟ್ಟ ರಸ್ತೆಯಲ್ಲೂ ಕಾರಿನ ಹಿಂಭಾಗ ಸುಮ್ಮನಿತ್ತು. ದುರ್ಗಾದೇವಿಯ ದರ್ಶನ ಮಾಡಿಕೊಂಡು ಬಂದು ಗುಡ್ಡದ ನೆರಳಿನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಬದನೆಕಾಯಿ ಪಲ್ಯ ತಿಂದೆವು. ಕೈ ತೊಳೆದ ಮೇಲೆ ಅವರು ಎದುರಿಗೆ ನೋಡುತ್ತ ಕೇಳಿದರು.

"ಮುಂದ ಒಂದು ಉದ್ದನ್ನ ಗ್ವಾಡಿ ಕಾಣಸ್ತೈತಿ. ಐತೇನು?"

"ಇಲ್ರಿ. ಬಯಲೈತಿ."

"ಏನೇನೈತಿ ಹೇಳು."

ನಾನು ಪಾಠ ಹೇಳುವವಳಂತೆ ಎಡದಿಂದ ಶುರು ಮಾಡಿ ಬಂಡೆ, ಜಾಲಿ, ಟ್ರ್ಯಾಕ್ಟರು, ಕರೆಂಟಿನ ಕಂಬ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಷ್ಟು ಜೋರಾಗಿ ಬೇಡ, ನಿಧಾನವಾಗಿ ಹೇಳು ಎಂದರು. ಮತ್ತೆ ಮೊದಲಿನಿಂದ ಹೇಳಿದೆ. ದೂರದಲ್ಲಿ ಭತ್ತ ಕೊಯ್ದ ಗದ್ದೆಗಳು, ಅವುಗಳ ನಡುವೆ ಇನ್ನೂ ಹಸಿರಾಗಿ ಉಳಿದ ಒಂದು ತುಂಡು, ಅದರ ಬದುವಿನ ಮೇಲೆ ಸಾಲಾಗಿ ನಿಂತ ಬೆಳ್ಳಕ್ಕಿಗಳು. ಅವರು ಆ ಕಡೆಗೇ ಮುಖ ಮಾಡಿ ಕೇಳುತ್ತಿದ್ದರು. ಬೆಳ್ಳಕ್ಕಿ ಹಾರಿದರೆ ಹೇಳು ಅಂದರು. ನಾವು ಕಾಯುತ್ತ ಕೂತೆವು.