ಚಂದ್ರನ ಮೇಲೆ ಆರು ಪಟ್ಟು ಬಲ

ಮೊನ್ನೆ ಪಾಠಕ್ಕೆಂದು ಹಳೆಯ ಟಿಪ್ಪಣಿ ಹುಡುಕುವಾಗ ನೂರು ಪುಟದ ನೋಟ್‌ಬುಕ್ಕೊಂದು ಸಿಕ್ಕಿತು. ರಟ್ಟಿನ ಮೇಲೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಎಣ್ಣೆಕಲೆ. ಮೂಸಿದೆ. ವಾಸನೆ ಹೋಗಿ ಎಷ್ಟೋ ವರ್ಷ ಆಗಿರಬೇಕು, ಆದರೂ ಬಂದಂತಾಯಿತು.

ನಗಬೇಡಿ, ಅದೊಂದು ಆಟದ ನಿಯಮಗಳ ಪುಸ್ತಕ. ಬಾಗಲಕೋಟೆಯಲ್ಲಿ ಓದುವಾಗ ರೂಮಿನ ಗೆಳೆಯರು ಕೂಡಿ ಆಡುತ್ತಿದ್ದೆವು. ಒಬ್ಬ ಕತೆ ಹೇಳುವವ, ಉಳಿದವರು ಕತೆಯೊಳಗಿನ ವೀರರು. ಪ್ರತಿ ವೀರನಿಗೂ ಬಲದ ಅಂಕಿ. ಕೈ ಹಾಕಿದ ಕೆಲಸ ಆಗುತ್ತದೋ ಇಲ್ಲವೋ ಹೇಳಲು ದಾಳ. ನಿಯಮ ಮಾಡಿದವನು ಅದರ ಕೆಳಗೆ ಹೆಸರು ಬರೆಯಬೇಕು. ಕತೆ ಚಂದ್ರನಿಗೆ ಹೋದಾಗ ನಾನು ಬರೆದೆ: "ಇಲ್ಲಿ ಗುರುತ್ವ ಆರರಲ್ಲಿ ಒಂದು ಪಾಲು. ಆದ್ದರಿಂದ ಎಲ್ಲರ ಬಲ ಆರು ಪಟ್ಟು." ಕೆಳಗೆ ನನ್ನ ಹೆಸರು, ಅದರ ಮುಂದೆ "ಬಿ.ಎಸ್ಸಿ., ಎರಡನೇ ವರ್ಷ." ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬಸ್ ಪಾಸಿನ ಮೇಲೂ ಹಾಗೆಯೇ ಬರೆದುಕೊಂಡಿದ್ದೆ.

ಅಪ್ಪ ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ. ಒಂದು ಭಾನುವಾರ ರೊಟ್ಟಿಗಂಟು ತಂದವನು ಆಟ ನೋಡುತ್ತ ಕುಳಿತ. ಗೆಳೆಯ ದಸ್ತಗೀರನ ವೀರನ ಮೇಲೆ ಟ್ರ್ಯಾಕ್ಟರಿನಷ್ಟು ದೊಡ್ಡ ಬಂಡೆ ಉರುಳಿ ಬರುತ್ತಿತ್ತು. ದಸ್ತಗೀರ ಬಲವನ್ನು ಆರರಿಂದ ಗುಣಿಸಿ, ಅಂಗೈ ಒಡ್ಡಿ, ತಡೆದೇಬಿಟ್ಟ.

"ಎತ್ತಾಕ ಬರ್ತೈತಿ ಅಂದ್ರ ಒಪ್ಪತೇನಿ," ಅಂದ ಅಪ್ಪ. "ತಡಿಯಾಕ ಹೆಂಗ ಬರ್ತೈತಿ?"

ಅಲ್ಲಿ ಭಾರವೇ ಕಡಿಮೆ, ಇದು ಓದಿದವರ ಲೆಕ್ಕ, ನಿನಗೆ ತಿಳಿಯುವುದಿಲ್ಲ ಅಂದೆ. ಎಲ್ಲರ ಮುಂದೆಯೇ ಅಂದೆ.

ಅಪ್ಪ ಸಿಟ್ಟಿಗೇಳಲಿಲ್ಲ. "ಕ್ರೇನಿಗೆ ಜೋತ ಬಿದ್ದ ಕಲ್ಲಿನ ಭಾರ ಎಲ್ಲಾ ಸರಪಳಿ ಹೊತ್ತಿರ್ತೈತಿ. ಒಂದ ಕೈಲೆ ದಬ್ಬಬೌದು. ಅದು ಹೊಳ್ಳಿ ಬರಾಕತ್ತಾಗ ತಡದು ನೋಡು," ಎಂದು ಎಡಗೈ ಮುಂದೆ ಹಿಡಿದ. ಅದರಲ್ಲಿ ಎರಡು ಬೆರಳಿಲ್ಲ. ಮೇಲಿಂದ ಕಲ್ಲು ಬಿದ್ದು ಹೋದವೆಂದೇ ನಾನು ತಿಳಿದಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ದಸ್ತಗೀರ ತನ್ನ ವೀರನ ಹೆಸರಿನ ಮೇಲೆ ಗೆರೆ ಎಳೆದ. "ಕಾಕಾರು ಹೇಳೋದು ಖರೆ ಐತಿ. ನಾ ಸತ್ತೆ. ರೊಟ್ಟಿ ಬಿಚ್ಚಲೇ."

ಸತ್ತವನೇ ಒಪ್ಪಿಕೊಂಡ, ನಾನು ಒಪ್ಪಲಿಲ್ಲ. ಭಾರ ಕಡಿಮೆಯಾದರೂ ಜಡತ್ವ ಕಡಿಮೆಯಾಗದು ಎಂಬ ಪಾಠ ನನಗೆ ಬಾಯಿಪಾಠವಿತ್ತು, ನೋಡಿ. ಮುಂದಿನ ವಾರದಿಂದ ರೊಟ್ಟಿಗಂಟು ಬಸ್ ಕಂಡಕ್ಟರನ ಕೈಯಲ್ಲಿ ಬರತೊಡಗಿತು. ಅಪ್ಪ ಮತ್ತೆ ರೂಮಿಗೆ ಬರಲಿಲ್ಲ.

ಈಗ ನಾನು ಹುನಗುಂದದಲ್ಲಿ ಅದೇ ಪಾಠ ಹೇಳುವ ಮಾಸ್ತರ. ನೋಟ್‌ಬುಕ್ಕಿನ ಆ ಪುಟದಲ್ಲಿ ಬರೆದೆ: "ಎತ್ತಲು ಆರು ಪಟ್ಟು, ತಡೆಯಲು ಭೂಮಿಯ ಮೇಲಿದ್ದಷ್ಟೇ." ಇಳಕಲ್ಲಿಗೆ ಹೋಗಿ, ಇನ್ನೂ ಕ್ವಾರಿಗೆ ಹೋಗುವ ಅಪ್ಪನಿಗೆ ಓದಿ ಹೇಳಿದೆ. ಅವತ್ತು ತಪ್ಪು ನನ್ನದೇ ಎಂದೂ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡ.

"ಇದೂ ತಪ್ಪೈತಿ," ಅಂದ. "ತಡಿಯೋ ಲೆಕ್ಕ ಯಾಕ ಬರೀತಿ? ಬಾಜೂಕ ಸರೀಬೇಕಂತ ಬರಿ."

ಬರೆದದ್ದನ್ನು ಹೊಡೆದು ಹಾಕಿ, ಹೇಳಿದಂತೆಯೇ ಬರೆದೆ. ಕೆಳಗೆ ನಿಯಮ ಮಾಡಿದವರ ಹೆಸರು: ಹನಮಪ್ಪ, ಕಲ್ಲಿನ ಕ್ವಾರಿ, ಮೂವತ್ತೊಂದನೇ ವರ್ಷ.